ಐಸಿಯುನಲ್ಲಿ ಕೊನೆಯ ದಿನಗಳು: ಮನೆಯವರಿಗೆ ಹೇಳಬೇಕಾದ್ದು, ಅವರಿಂದ ಕೇಳಬೇಕಾದ್ದು

ರೋಗಿ ಉಳಿಯುವುದಿಲ್ಲ ಎಂದು ಐಸಿಯು ತಂಡಕ್ಕೆ ಗೊತ್ತಾದ ಮೇಲೂ ಹೊರಗೆ ಕಾಯುತ್ತಿರುವ ಮನೆಯವರಿಗೆ ಅದು ಮನಸ್ಸಿಗೆ ಇಳಿಯಲು ಎಷ್ಟೋ ಸಲ ದಿನಗಳೇ ಹಿಡಿಯುತ್ತವೆ. ಆ ನಡುವಿನ ದಿನಗಳಲ್ಲಿ ಯಾರು, ಎಲ್ಲಿ, ಹೇಗೆ ಮಾತಾಡಿದರು ಎಂಬುದು ಮನೆಯವರ ಮುಂದಿನ ತಿಂಗಳುಗಳನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಫ್ರಾನ್ಸಿನ 21 ಐಸಿಯುಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂರು ತಿಂಗಳ ಬಳಿಕ ರೋಗಿಗಳ ಮನೆಯವರನ್ನು ಮಾತಾಡಿಸಿತು. ಮೂವರಲ್ಲಿ ಒಬ್ಬರಿಗೆ ಆಘಾತೋತ್ತರ ಒತ್ತಡದ ಲಕ್ಷಣಗಳಿದ್ದವು: ಆಸ್ಪತ್ರೆಯ ದೃಶ್ಯ ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ರಾತ್ರಿ ಬೆಚ್ಚಿ ಏಳುವುದು, ಆ ರಸ್ತೆಯ ಕಡೆಗೇ ಹೋಗಲಾಗದಿರುವುದು. ರೋಗಿ ಐಸಿಯುನಲ್ಲೇ ತೀರಿಕೊಂಡಿದ್ದರೆ ಈ ಪ್ರಮಾಣ ಅರ್ಧಕ್ಕೆ ಏರಿತ್ತು. ಕೊನೆಗಾಲದ ಚಿಕಿತ್ಸೆಯ ನಿರ್ಧಾರದಲ್ಲಿ ತಾವೂ ಪಾಲುಗೊಂಡವರಲ್ಲಿ ಅದು ಹತ್ತಕ್ಕೆ ಎಂಟರಷ್ಟಿತ್ತು.

ಈ ಕೊನೆಯ ಸಂಖ್ಯೆಯನ್ನು ನಮ್ಮ ಐಸಿಯುಗಳು ಮರೆಯಬಾರದು. ಕರ್ನಾಟಕದ ಆಸ್ಪತ್ರೆಗಳಲ್ಲಿ ದಿನಬೆಳಗಾದರೆ ಕೇಳುವ ಮಾತು, "ನೀವೇ ಡಿಸೈಡ್ ಮಾಡಿ ಹೇಳಿ, ವೆಂಟಿಲೇಟರ್ ಮುಂದುವರಿಸೋದಾ ಬೇಡ್ವಾ?" ನೋಡುವುದಕ್ಕೆ ಇದು ಗೌರವದ ಪ್ರಶ್ನೆ. ಆದರೆ ಮಗಳೊಬ್ಬಳು ಅಪ್ಪನ ಸಾವಿಗೆ ತಾನೇ ಸಹಿ ಹಾಕಿದೆ ಎಂಬ ಭಾರವನ್ನು ಬದುಕಿಡೀ ಹೊರುವಂತೆ ಮಾಡುವ ಪ್ರಶ್ನೆಯೂ ಹೌದು.

ಏನು ಮಾಡಿದರೆ ಭಾರ ಇಳಿಯುತ್ತದೆ ಎಂಬುದಕ್ಕೂ ಆಧಾರ ಇದೆ. 2022ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಫ್ರಾನ್ಸಿನ 34 ಐಸಿಯುಗಳ 875 ಬಂಧುಗಳಿದ್ದರು. ಕೆಲವು ಐಸಿಯುಗಳಲ್ಲಿ ಎಂದಿನ ಪದ್ಧತಿ ಮುಂದುವರಿಯಿತು. ಉಳಿದವುಗಳಲ್ಲಿ ಡಾಕ್ಟರ್ ಮತ್ತು ನರ್ಸ್ ಇಬ್ಬರೂ ಸೇರಿ ಮೂರು ಸಲ ಮನೆಯವರ ಜತೆಗಿದ್ದರು. ಸಾವಿಗೆ ಮುಂಚೆ ಕೂತು ಮಾತಾಡಿದರು, ಜೀವ ಹೋಗುತ್ತಿರುವಾಗ ಹಾಸಿಗೆಯ ಬಳಿ ಬಂದರು, ಸಾವಿನ ನಂತರ ಮತ್ತೊಮ್ಮೆ ಕೂತರು. ಆರು ತಿಂಗಳ ಮೇಲೆ ನೋಡಿದಾಗ, ಆರದ ಶೋಕದ ಲಕ್ಷಣಗಳು ಮೊದಲ ಗುಂಪಿನಲ್ಲಿ ಶೇ 21 ಮಂದಿಗಿದ್ದರೆ ಎರಡನೆಯದರಲ್ಲಿ ಶೇ 15 ಮಂದಿಗೆ. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ನಮ್ಮ ಜಿಲ್ಲಾ ಆಸ್ಪತ್ರೆಯಲ್ಲೂ ಇದನ್ನು ಮಾಡಬಹುದು.

ಮೊದಲ ಮಾತುಕತೆ

ಐಸಿಯು ಬಾಗಿಲಲ್ಲಿ ನಿಂತು, ಕೈಯಲ್ಲಿ ಕೇಸ್ ಶೀಟ್ ಹಿಡಿದು, ನಾಲ್ಕು ನಿಮಿಷದಲ್ಲಿ "ಕ್ರಿಟಿಕಲ್ ಇದೆ, ನಮ್ಮ ಪ್ರಯತ್ನ ಮಾಡ್ತಿದ್ದೀವಿ, ಇಲ್ಲಿ ಸೈನ್ ಮಾಡಿ" ಎನ್ನುವುದು ಮಾತುಕತೆಯಾಗುವುದಿಲ್ಲ. ಬೇಕಾದ್ದು ಒಂದು ಬಾಗಿಲು ಮುಚ್ಚುವ ಕೋಣೆ, ಎಲ್ಲರಿಗೂ ಕುರ್ಚಿ, ಸೈಲೆಂಟ್‌ನಲ್ಲಿಟ್ಟ ಫೋನು, ಅರ್ಧ ಗಂಟೆ. ಬೇರೆ ಕೋಣೆ ಇಲ್ಲದಿದ್ದರೆ ಡ್ಯೂಟಿ ಡಾಕ್ಟರ ರೂಮು ಸಾಕು. ಒಳಗೆ ಹೋಗುವ ಮೊದಲು ಎರಡು ನಿಮಿಷ ಡಾಕ್ಟರೂ ನರ್ಸೂ ತಮ್ಮಲ್ಲೇ ಮಾತಾಡಿಕೊಂಡು ಒಂದೇ ನಿಲುವಿಗೆ ಬರಬೇಕು. ಮೂತ್ರಪಿಂಡದವರು "ಡಯಾಲಿಸಿಸ್ ಚೆನ್ನಾಗಿ ಆಗ್ತಿದೆ" ಎಂದು, ಹೃದಯದವರು "ಪಂಪಿಂಗ್ ಪರವಾಗಿಲ್ಲ" ಎಂದು ಬೇರೆಬೇರೆ ಹೇಳಿ ಹೋದ ದಿನ ಐಸಿಯು ಡಾಕ್ಟರು ಮಾತ್ರ ಉಳಿಯುವುದು ಕಷ್ಟ ಎಂದರೆ, ಮನೆಯವರು ಯಾರನ್ನು ನಂಬಬೇಕು? ಬಿಡಿಬಿಡಿ ಅಂಗಗಳ ಸುದ್ದಿಯಿಂದ ಇಡೀ ಮನುಷ್ಯನ ಸ್ಥಿತಿ ತಿಳಿಯುವುದಿಲ್ಲ. ಆ ಒಟ್ಟು ಚಿತ್ರವನ್ನು ಹೇಳುವ ಹೊಣೆ ಒಬ್ಬರ ಮೇಲಿರಬೇಕು, ದಿನವೂ ಅವರೇ ಹೇಳಬೇಕು.

ಯಾರು ಕೂರಬೇಕು ಎಂಬುದು ನಮ್ಮಲ್ಲಿ ದೊಡ್ಡ ಪ್ರಶ್ನೆ. ಸಾಮಾನ್ಯವಾಗಿ ಮಾವ, ದೊಡ್ಡಪ್ಪ, ಊರಿನ ಮುಖಂಡರು ಒಳಗೆ ಬರುತ್ತಾರೆ. ಹೆಂಡತಿಯೋ ತಾಯಿಯೋ ಹೊರಗೇ ಉಳಿಯುತ್ತಾರೆ. "ಅಮ್ಮನಿಗೆ ಹೇಳಬೇಡಿ, ತಡೆಯಲ್ಲ" ಎನ್ನುವವರನ್ನು ಬೈಯಬೇಕಿಲ್ಲ, ಅದು ಪ್ರೀತಿಯ ಮಾತೇ. ಆದರೆ "ಅಮ್ಮನಿಗೆ ಆಮೇಲೆ ಗೊತ್ತಾದರೆ, ಕೊನೆಗೆ ನನ್ನನ್ನು ಕರೆಯಲಿಲ್ಲ ಅಂತ ಕೊರಗುವುದಿಲ್ಲವಾ?" ಎಂದು ಕೇಳಿದರೆ ಬಹಳ ಮಂದಿ ತಾವೇ ಹೋಗಿ ಕರೆದುಕೊಂಡು ಬರುತ್ತಾರೆ. ದುಬೈನಲ್ಲೋ ಅಮೆರಿಕದಲ್ಲೋ ಇರುವ ಮಗನನ್ನು ಅದೇ ಹೊತ್ತಿಗೆ ವಿಡಿಯೊ ಕಾಲ್‌ನಲ್ಲಿ ಸೇರಿಸಿಕೊಳ್ಳಿ. ಮೂರು ದಿನದ ನಂತರ ವಿಮಾನದಿಂದ ಇಳಿದವರು "ಯಾಕೆ ಇಷ್ಟು ಬೇಗ ಕೈಬಿಟ್ಟಿರಿ" ಎಂದು ಉಳಿದವರ ಮೇಲೆ ರೇಗುವುದು ಸುಳ್ಳುಸುದ್ದಿಯಿಂದಲ್ಲ, ಸುದ್ದಿ ಕೈಬದಲಾಗಿ ಬಂದದ್ದರಿಂದ.

ಕೂತ ಮೇಲೆ ಮೊದಲ ಮಾತು ಡಾಕ್ಟರದಾಗಬಾರದು. "ಇಲ್ಲಿತನಕ ನಿಮಗೆ ಏನು ಹೇಳಿದ್ದಾರೆ? ನೀವು ಏನು ಅಂದ್ಕೊಂಡಿದ್ದೀರಿ?" ಎಂದು ಕೇಳಬೇಕು. ಅಮೆರಿಕದಲ್ಲಿ ಇಂತಹ 43 ಮಾತುಕತೆಗಳನ್ನು ರೆಕಾರ್ಡ್ ಮಾಡಿ ನೋಡಿದಾಗ, ಒಟ್ಟು ಹೊತ್ತಿನಲ್ಲಿ ಮನೆಯವರು ಮಾತಾಡಿದ್ದು ಶೇ 29 ಮಾತ್ರ. ಅವರು ಹೆಚ್ಚು ಮಾತಾಡಿದಷ್ಟೂ ಅವರ ಸಮಾಧಾನ ಹೆಚ್ಚಿತ್ತು. 2007ರ ಫ್ರೆಂಚ್ ಅಧ್ಯಯನವೊಂದರಲ್ಲಿ ಮಾತುಕತೆಯನ್ನು 20 ನಿಮಿಷದಿಂದ 30ಕ್ಕೆ ಹೆಚ್ಚಿಸಿ, ಮನೆಯವರ ಮಾತಿನ ಪಾಲು 5 ನಿಮಿಷದಿಂದ 14ಕ್ಕೆ ಏರುವಂತೆ ಮಾಡಿ, ಒಂದು ಕೈಪಿಡಿಯನ್ನೂ ಕೊಟ್ಟಾಗ, ಮೂರು ತಿಂಗಳ ಬಳಿಕ ಆಘಾತದ ಲಕ್ಷಣಗಳು ಶೇ 69ರಿಂದ 45ಕ್ಕೆ ಇಳಿದವು. ಹತ್ತು ನಿಮಿಷಕ್ಕೆ ಇಷ್ಟು ಫಲ ಕೊಡುವ ಕೆಲಸ ಐಸಿಯುನಲ್ಲಿ ಇನ್ನೊಂದಿಲ್ಲ.

ಸುದ್ದಿಯನ್ನು ನೇರವಾಗಿ, ಚಿಕ್ಕ ವಾಕ್ಯದಲ್ಲಿ ಹೇಳಬೇಕು: "ಅವರು ಉಳಿಯುವುದಿಲ್ಲ ಅಂತ ನಮಗೆ ಅನಿಸುತ್ತಿದೆ. ಇವತ್ತೋ ನಾಳೆಯೋ ತೀರಿಕೊಳ್ಳಬಹುದು." ಹೇಳಿ ಸುಮ್ಮನಿರಬೇಕು. ಅಳು ಬಂದರೆ ಬರಲಿ. ಆ ಮೌನವನ್ನು ತುಂಬಲು ಕ್ರಿಯಾಟಿನಿನ್, ಲ್ಯಾಕ್ಟೇಟ್ ಎಂದು ರಕ್ತಪರೀಕ್ಷೆಯ ಅಂಕಿ ಹೇಳುತ್ತಾ ಹೋದರೆ ಕೇಳಿದವರ ತಲೆಗೆ ಹೋಗುವುದು "ಲ್ಯಾಕ್ಟೇಟ್ ಇಳಿದರೆ ಅಪ್ಪ ಬದುಕುತ್ತಾರೆ" ಎಂಬುದಷ್ಟೇ. ಮರುದಿನ ಬಂದು ಲ್ಯಾಕ್ಟೇಟ್ ಎಷ್ಟಾಯಿತು ಎಂದು ಕೇಳುತ್ತಾರೆ. ತಪ್ಪು ಅವರದ್ದಲ್ಲ.

ನಂತರ ರೋಗಿಯ ಬಗ್ಗೆ ಕೇಳಬೇಕು. ಏನು ಕೆಲಸ ಮಾಡುತ್ತಿದ್ದರು, ಯಾವುದು ಇಷ್ಟ, ಇಂತಹ ಕಾಯಿಲೆ ಬಂದ ಬೇರೆಯವರನ್ನು ನೋಡಿ ಏನಾದರೂ ಅಂದಿದ್ದರಾ. "ನನಗೆ ಹಾಸಿಗೆ ಹಿಡಿಯೋ ಸಾವು ಬೇಡ ಅಂತಿದ್ರು" ಎಂಬ ಮಾತು ಎಷ್ಟೋ ಮನೆಗಳಲ್ಲಿ ಸಿಗುತ್ತದೆ. ಆಗ ಪ್ರಶ್ನೆ "ನಿಮಗೆ ಏನು ಬೇಕು" ಎಂಬಲ್ಲಿಂದ "ಅವರೇ ಎದ್ದು ಕೂತು ಇದನ್ನೆಲ್ಲ ನೋಡಿದ್ದರೆ ಏನು ಹೇಳುತ್ತಿದ್ದರು" ಎಂಬಲ್ಲಿಗೆ ಬದಲಾಗುತ್ತದೆ. ಅದನ್ನು ಕೇಳಿಸಿಕೊಂಡ ಮೇಲೆ ಡಾಕ್ಟರು ತಮ್ಮ ಸಲಹೆಯನ್ನು ತಾವೇ ಹೇಳಬೇಕು: "ನೀವು ಹೇಳಿದ್ದನ್ನು ಕೇಳಿದ ಮೇಲೆ, ಯಂತ್ರಗಳನ್ನು ಮುಂದುವರಿಸುವುದು ಬೇಡ, ನೋವಾಗದ ಹಾಗೆ ನೋಡಿಕೊಳ್ಳೋಣ ಅನ್ನುವುದು ನಮ್ಮ ಅಭಿಪ್ರಾಯ. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?" ಹೀಗೆ ಕೇಳಿದಾಗ ಭಾರ ಹಂಚಿಹೋಗುತ್ತದೆ. "ಇನ್ನು ನಾವೇನೂ ಮಾಡಲ್ಲ" ಎಂಬ ಮಾತು ಮಾತ್ರ ಎಂದೂ ಬರಕೂಡದು, ಏಕೆಂದರೆ ಮಾಡಬೇಕಾದ್ದು ಇನ್ನೂ ಬಹಳ ಇರುತ್ತದೆ.

ಮನೆಯವರು ಒಪ್ಪದಿದ್ದರೆ? ಜಗಳ ಬೇಡ. 48ರಿಂದ 72 ಗಂಟೆಗಳ ಗಡುವು ಇಟ್ಟು, ಏನನ್ನು ನೋಡುತ್ತೇವೆ ಎಂದು ಮೊದಲೇ ಒಪ್ಪಿಕೊಳ್ಳಿ: ಬಿಪಿ ಏರಿಸುವ ನಾರ್‌ಅಡ್ರೆನಲಿನ್ ಇಳಿಯುತ್ತಿದೆಯೇ, ಮೂತ್ರ ಬರುತ್ತಿದೆಯೇ, ಕರೆದರೆ ಕಣ್ಣು ಬಿಡುತ್ತಾರೆಯೇ. ಗಡುವು ಮುಗಿದ ದಿನ, ಅದೇ ಹೊತ್ತಿಗೆ, ಅದೇ ಜನ ಮತ್ತೆ ಕೂರಬೇಕು. ಗಡುವಿಟ್ಟು ಮರೆತರೆ ನಂಬಿಕೆ ಹೋಗುತ್ತದೆ.

ಹಣದ ಮಾತನ್ನು ಈ ಮಾತುಕತೆಯಿಂದ ದೂರ ಇಡಲೇಬೇಕು. ಕಾಯಿಲೆಯ ಸ್ಥಿತಿ ಹೇಳಿದ ಅರ್ಧ ಗಂಟೆಗೆ ಬಿಲ್ಲಿಂಗ್ ಕೌಂಟರಿನಿಂದ "ಇನ್ನೊಂದು ಲಕ್ಷ ಅಡ್ವಾನ್ಸ್ ಕಟ್ಟಿ" ಎಂದು ಫೋನ್ ಬಂದರೆ, ಚಿಕಿತ್ಸೆ ನಿಂತದ್ದು ಕಾಯಿಲೆಯಿಂದಲ್ಲ, ದುಡ್ಡಿಲ್ಲದ್ದಕ್ಕೆ ಎಂದೇ ಮನೆಯವರ ಮನಸ್ಸಿನಲ್ಲಿ ಉಳಿಯುತ್ತದೆ. ಆ ಗಾಯ ಮಾಯುವುದು ಬಹಳ ಕಷ್ಟ.

ಕಾನೂನು ಏನು ಹೇಳುತ್ತದೆ

ಗುಣವಾಗುವ ಭರವಸೆ ಇಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ಅಥವಾ ಆರಂಭಿಸದಿರಲು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಅವಕಾಶ ಕೊಟ್ಟಿತು. ಆಗ ವಿಧಿಸಿದ ಕ್ರಮ ಎಷ್ಟು ತೊಡಕಾಗಿತ್ತೆಂದರೆ ಅದು ಕಾಗದದಲ್ಲೇ ಉಳಿಯಿತು. 2023ರ ಜನವರಿ 24ರಂದು ಕೋರ್ಟ್ ಅದನ್ನು ಸರಳ ಮಾಡಿತು. ಈಗಿನ ಕ್ರಮದಲ್ಲಿ ಮೊದಲು ಆಸ್ಪತ್ರೆಯ ಪ್ರಾಥಮಿಕ ವೈದ್ಯಕೀಯ ಮಂಡಳಿ ಸೇರುತ್ತದೆ: ಚಿಕಿತ್ಸೆ ಕೊಡುತ್ತಿರುವ ಡಾಕ್ಟರ್, ಜತೆಗೆ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು. ಹತ್ತಿರದ ಬಂಧುಗಳ ಒಪ್ಪಿಗೆ ಬೇಕು. ನಂತರ ದ್ವಿತೀಯ ಮಂಡಳಿ, ಅದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ಡಾಕ್ಟರ್ ಇರಬೇಕು. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಜಾರಿಗೆ ತರುವ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಿಳಿಸುವುದಷ್ಟೇ, ಅವರ ಅನುಮತಿಗೆ ಕಾಯಬೇಕಿಲ್ಲ. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದಕ್ಕೆ ಸುತ್ತೋಲೆ ಹೊರಡಿಸಿದೆ. ಚುಚ್ಚುಮದ್ದು ಕೊಟ್ಟು ಸಾವು ತರುವುದು ಇದಲ್ಲ. ಅದು ಇಂದಿಗೂ ಅಪರಾಧ.

ಕೊನೆಗಾಲದಲ್ಲಿ ತಮಗೆ ಯಾವ ಚಿಕಿತ್ಸೆ ಬೇಡ ಎಂಬ ಮುಂಗಡ ನಿರ್ದೇಶನವನ್ನು ಅರಿವಿರುವಾಗಲೇ ಬರೆದಿಡಲು ಬಯಸುವವರಿಗೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಮುಂದೆ ತಮ್ಮ ಪರವಾಗಿ ಮಾತಾಡಬೇಕಾದವರ ಹೆಸರನ್ನೂ ಅದರಲ್ಲಿ ಬರೆಯಬಹುದು. ಇಂತಹ ಒಂದು ಹಾಳೆ ಮನೆಯಲ್ಲಿದ್ದರೆ ಮಕ್ಕಳಿಗೆ ಎಷ್ಟು ನಿರಾಳ ಎಂಬುದು ಐಸಿಯು ಹೊರಗೆ ಕೂತವರಿಗೇ ಗೊತ್ತು.

ಮಿದುಳು ಸಾವಿನ ಪ್ರಕರಣ ಇದಕ್ಕಿಂತ ಬೇರೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಾವನ್ನು ಘೋಷಿಸುತ್ತದೆ. ವೆಂಟಿಲೇಟರಿನಿಂದ ಎದೆ ಏರಿಳಿಯುತ್ತಿರುವಾಗ ಅದನ್ನು ನಂಬುವುದು ಮನೆಯವರಿಗೆ ಕಷ್ಟ. ಅದು ಮನಸ್ಸಿಗೆ ಇಳಿದ ಮೇಲೆ, ಬೇರೆಯದೇ ಮಾತುಕತೆಯಲ್ಲಿ, ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಸಂಯೋಜಕರು ಅಂಗದಾನದ ಬಗ್ಗೆ ಕೇಳಬೇಕು. ಎರಡನ್ನೂ ಒಂದೇ ಉಸಿರಿಗೆ ಹೇಳಿದರೆ, ಅಂಗಕ್ಕಾಗಿಯೇ ಸಾವು ಘೋಷಿಸಿದರು ಎಂಬ ಅನುಮಾನ ಹುಟ್ಟುತ್ತದೆ.

"ಮನೆಗೆ ಕರ್ಕೊಂಡು ಹೋಗ್ತೀವಿ"

ಹುಟ್ಟಿದ ಮನೆಯಲ್ಲಿ, ತಮ್ಮವರ ನಡುವೆ ಪ್ರಾಣ ಹೋಗಲಿ ಎಂಬ ಆಸೆ ನಮ್ಮಲ್ಲಿ ಆಳವಾದದ್ದು. ಆದರೆ ಇದು ಬಹಳ ಸಲ ನಡೆಯುವುದು "ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್" ಎಂಬ ಸಹಿಯೊಂದಿಗೆ. ಹಾಗೆ ಹೊರಟ ರೋಗಿಗೆ ನೋವಿನ ಔಷಧಿ ಸಿಗುವುದಿಲ್ಲ, ದಾರಿಯಲ್ಲಿ ಉಸಿರು ಕಟ್ಟಿದರೆ ಏನು ಮಾಡಬೇಕೆಂದು ಯಾರೂ ಹೇಳಿರುವುದಿಲ್ಲ, ಮರಣ ಪ್ರಮಾಣಪತ್ರಕ್ಕೆ ಯಾರನ್ನು ಕೇಳಬೇಕೆಂದೂ ತಿಳಿದಿರುವುದಿಲ್ಲ. ಆಸ್ಪತ್ರೆ ತನ್ನ ಮೈಮೇಲಿನ ಹೊಣೆ ತಪ್ಪಿಸಿಕೊಳ್ಳಲು ಮಾಡುವ ಈ ಏರ್ಪಾಟು ಸಾಯುತ್ತಿರುವವರಿಗೆ ಅನ್ಯಾಯ.

ಮನೆಗೆ ಹೋಗುವುದೇ ಸರಿ ಎಂದಾದರೆ ಅದನ್ನು ಚಿಕಿತ್ಸೆಯ ಭಾಗವಾಗಿಯೇ ಸಿದ್ಧಮಾಡಬೇಕು. ದಾರಿಯಲ್ಲೇ ತೀರಿಕೊಳ್ಳುವ ಸಾಧ್ಯತೆ ಇದೆ ಎಂದು ಮೊದಲೇ ಹೇಳಬೇಕು. ಆಕ್ಸಿಜನ್ ಲೆಕ್ಕ ಹಾಕಬೇಕು: ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ನಿಮಿಷಕ್ಕೆ 10 ಲೀಟರ್ ಹರಿಸಿದರೆ ಎರಡೂವರೆ ಗಂಟೆ. ಬೆಂಗಳೂರಿನಿಂದ ಹಾವೇರಿಗೆ ಅದು ಸಾಲದು. ಗಂಟಲ ನಳಿಕೆಯನ್ನು ಎಲ್ಲಿ, ಯಾರು ತೆಗೆಯುತ್ತಾರೆ ಎಂಬುದು ಹೊರಡುವ ಮುನ್ನವೇ ತೀರ್ಮಾನವಾಗಿರಬೇಕು. ಆಂಬುಲೆನ್ಸ್ ಚಾಲಕನ ಸಹಾಯಕ ಮನೆಯ ಬಾಗಿಲಲ್ಲಿ ಎಳೆದು ಹೋಗುವಂತಾಗಬಾರದು. ಡಿಸ್ಚಾರ್ಜ್ ಸಾರಾಂಶ, ಔಷಧಿ, ಊರಿನ ಡಾಕ್ಟರಿಗೊಂದು ಪತ್ರ ಜತೆಗಿರಲಿ. ಮನೆಯಲ್ಲಿ ಸಾವಾದರೆ ನೋಡಿಕೊಳ್ಳುತ್ತಿದ್ದ ಡಾಕ್ಟರು ಸಾವಿನ ಕಾರಣ ತಿಳಿಸುವ ಫಾರಂ 4ಎ ಕೊಡಬೇಕು, ಆಸ್ಪತ್ರೆಯಲ್ಲಾದರೆ ಫಾರಂ 4. ಸಾವಿನ ನೋಂದಣಿಗೆ 21 ದಿನಗಳ ಅವಧಿ. ಅಪಘಾತ, ವಿಷ, ಸುಟ್ಟಗಾಯದಂಥ ಪೊಲೀಸ್ ಕೇಸ್ ಆಗಿದ್ದರೆ ದೇಹ ಮರಣೋತ್ತರ ಪರೀಕ್ಷೆಗೆ ಹೋಗಲೇಬೇಕು ಎಂಬುದನ್ನು ಸಾವಿಗೆ ಮುಂಚೆಯೇ ಮೆಲ್ಲಗೆ ತಿಳಿಸಿಡಿ.

ಹಾಸಿಗೆಯ ಪಕ್ಕದಲ್ಲಿ

ಆರಾಮವೇ ಗುರಿ ಎಂದಾದ ಮೇಲೆ ಹಾಸಿಗೆಯ ಸುತ್ತಲಿನದೆಲ್ಲ ಬದಲಾಗಬೇಕು. ಗಂಟೆಗೊಮ್ಮೆ ಬೆರಳು ಚುಚ್ಚಿ ಶುಗರ್ ನೋಡುವುದು, ರಕ್ತ ತೆಗೆಯುವುದು, ಆಂಟಿಬಯಾಟಿಕ್ ನಿಲ್ಲಲಿ. ಕೈ ಕಟ್ಟಿದ ಪಟ್ಟಿ ಬಿಚ್ಚಲಿ. ಹಾಸಿಗೆಯ ಕಂಬಿ ಇಳಿಸಿ, ಪಕ್ಕಕ್ಕೊಂದು ಕುರ್ಚಿ ಹಾಕಿ. ಹಾಸಿಗೆ ಬಳಿಯ ಮಾನಿಟರ್ ಪರದೆ ಆರಿಸಿ, ಬೇಕಿದ್ದರೆ ನರ್ಸ್‌ಗಳ ಜಾಗದಿಂದ ನೋಡಿಕೊಳ್ಳಿ. ಪರದೆ ಹೊತ್ತಿದ್ದರೆ ಮನೆಯವರು ಮುಖ ನೋಡುವ ಬದಲು ಗೆರೆ ನೋಡುತ್ತಾ ಕೂರುತ್ತಾರೆ. ದಿನಕ್ಕೆ ಎರಡು ಸಲ ಹತ್ತು ನಿಮಿಷ ಎಂಬ ಭೇಟಿ ನಿಯಮ ಇವರಿಗೆ ಅನ್ವಯಿಸಬಾರದು.

ವೆಂಟಿಲೇಟರ್ ಹಿಂತೆಗೆಯುವಾಗ ಆಗುವ ದೊಡ್ಡ ತಪ್ಪು, ಸ್ನಾಯು ಸಡಿಲಿಸುವ ಔಷಧಿಯ ಪರಿಣಾಮ ಇಳಿಯುವ ಮುನ್ನವೇ ಕೈಹಾಕುವುದು. ವೆಕುರೋನಿಯಂ, ಅಟ್ರಾಕ್ಯೂರಿಯಂನಂಥ ಈ ಔಷಧಿ ಮೈಯಲ್ಲಿದ್ದರೆ ರೋಗಿಗೆ ಎಷ್ಟು ಉಸಿರುಗಟ್ಟಿದರೂ ಮುಖದಲ್ಲಿ ಕಾಣುವುದಿಲ್ಲ. ಅದು ಪೂರ್ತಿ ಇಳಿಯಲಿ. ಮೊದಲೇ ಮಾರ್ಫಿನ್ ಕೊಡಬೇಕು: ಈ ಗುಂಪಿನ ಔಷಧಿ ಈವರೆಗೆ ಪಡೆಯದವರಿಗೆ ರಕ್ತನಾಳದ ಮೂಲಕ 2ರಿಂದ 4 ಮಿಲಿಗ್ರಾಂ, ಸಂಕಟ ಕಂಡರೆ ಹತ್ತು ಹದಿನೈದು ನಿಮಿಷಕ್ಕೆ ಮತ್ತೆ, ತಳಮಳಕ್ಕೆ ಮಿಡಜೋಲಾಂ 1ರಿಂದ 2 ಮಿಲಿಗ್ರಾಂ. ಅಳತೆ ಪುಸ್ತಕದ್ದಲ್ಲ, ರೋಗಿಯ ಹಣೆಯ ಗಂಟು, ಮೂಗಿನ ಹೊಳ್ಳೆ, ಉಸಿರಿನ ವೇಗ ನೋಡಿ ಹೊಂದಿಸಬೇಕಾದ್ದು. ಬಿಪಿ ಔಷಧಿ ನಿಲ್ಲಿಸಿ, ಆಕ್ಸಿಜನ್ ಪ್ರಮಾಣವನ್ನು ಶೇ 21ಕ್ಕೆ, ವೆಂಟಿಲೇಟರಿನ ಒತ್ತಡವನ್ನು ಕಡಿಮೆಗೆ ಹಂತಹಂತವಾಗಿ ಇಳಿಸಿ, ಒಂದೊಂದು ಹಂತದಲ್ಲೂ ಸಂಕಟವಿಲ್ಲ ಎಂದು ಖಾತ್ರಿಯಾದ ಮೇಲೆ ನಳಿಕೆ ತೆಗೆಯಬಹುದು. ಆಮೇಲೆ ಎಷ್ಟು ಹೊತ್ತು? ಕೆಲವರಿಗೆ ನಿಮಿಷಗಳು, ಕೆಲವರಿಗೆ ದಿನಗಳು. "ಅರ್ಧ ಗಂಟೆ" ಎಂದು ಹೇಳಿಬಿಟ್ಟರೆ ಮರುದಿನವೂ ಉಸಿರಾಡುತ್ತಿರುವಾಗ ಮನೆಯವರು ನಿರ್ಧಾರವನ್ನೇ ಅನುಮಾನಿಸತೊಡಗುತ್ತಾರೆ.

ಮುಂದೆ ಏನು ಕಾಣುತ್ತದೆ ಎಂದು ನರ್ಸ್ ಮೊದಲೇ ಹೇಳಿಡಬೇಕು. ಕೈಕಾಲು ತಣ್ಣಗಾಗುತ್ತದೆ, ಮಂಡಿಯ ಸುತ್ತ ನೀಲಿ ಮಚ್ಚೆ ಮೂಡುತ್ತದೆ, ಕಣ್ಣು ಅರೆ ತೆರೆದೇ ಇರುತ್ತದೆ, ಉಸಿರು ನಿಂತು ಮತ್ತೆ ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ. ಅದು ನುಂಗಲಾಗದೆ ನಿಂತ ಜೊಲ್ಲು. ಪಕ್ಕಕ್ಕೆ ಮಲಗಿಸಿದರೆ, ಗ್ಲೈಕೊಪೈರೊಲೇಟ್ 0.2 ಮಿಲಿಗ್ರಾಂ ಕೊಟ್ಟರೆ ಕಡಿಮೆಯಾಗಬಹುದು. ಗೊತ್ತಿದ್ದವರು ಪಕ್ಕದಲ್ಲಿ ಕೂತಿರುತ್ತಾರೆ, ಗೊತ್ತಿಲ್ಲದವರು ಹೆದರಿ ಹೊರಗೆ ಓಡುತ್ತಾರೆ.

ಮನೆಯವರು ಹೇಳದಿದ್ದರೂ ನಾವೇ ಕೇಳಬೇಕಾದ ಇನ್ನೊಂದು ವಿಷಯ, ಮನೆಯ ಪದ್ಧತಿ. ಬಾಯಿಗೆ ತುಳಸಿ ನೀರು ಬಿಡಬೇಕೆನ್ನುವವರಿಗೆ ಇಲ್ಲ ಎನ್ನಬೇಡಿ, ಹತ್ತಿಯನ್ನು ಅದ್ದಿ ತುಟಿ, ನಾಲಿಗೆಗೆ ಒತ್ತಲು ತೋರಿಸಿಕೊಡಿ. ಚಮಚದಲ್ಲಿ ಸುರಿದರೆ ಶ್ವಾಸಕೋಶಕ್ಕೆ ಇಳಿದು ಸಂಕಟವಾಗುತ್ತದೆ. ಲಿಂಗಾಯತರಿಗೆ ಇಷ್ಟಲಿಂಗ ಮೈಮೇಲಿರಲಿ, ವಿಭೂತಿ ಹಚ್ಚಲಿ. ಮುಸ್ಲಿಮರ ಮನೆಯವರು ಕಿವಿಯ ಬಳಿ ಕಲಿಮಾ ಹೇಳಲು, ಮುಖವನ್ನು ಕಿಬ್ಲಾದ, ಅಂದರೆ ಮೆಕ್ಕಾದ ಕಡೆ ತಿರುಗಿಸಲು ಬಯಸಬಹುದು. ಹಾಸಿಗೆಯನ್ನು ಸ್ವಲ್ಪ ಸರಿಸಿದರೆ ಆಗುವ ಕೆಲಸ. ಕ್ಯಾಥೊಲಿಕರಿಗೆ ಪಾದ್ರಿಗಳು ಬರಲಿ. ಆಕ್ಸಿಜನ್ ಇರುವುದರಿಂದ ದೀಪ, ಕರ್ಪೂರ, ಊದುಬತ್ತಿ ಮಾತ್ರ ಸಾಧ್ಯವಿಲ್ಲ. ಬಿಚ್ಚಿಟ್ಟ ತಾಳಿಯನ್ನು ಮತ್ತೆ ಹಾಕಬೇಕೇ ಎಂದು ಕೇಳಿ. ಮಕ್ಕಳು ಬರಬಯಸಿದರೆ, ಏನು ಕಾಣುತ್ತದೆಂದು ಮೊದಲೇ ಹೇಳಿ ಕರೆತನ್ನಿ. ಬಲವಂತ ಬೇಡ, ತಡೆಯೂ ಬೇಡ.

ಹೃದಯ ನಿಂತಾಗ ಮನೆಯವರಿಗೆ ತೋರಿಸಲೆಂದು ಎದೆ ಒತ್ತುವುದನ್ನು ಖಡಾಖಂಡಿತವಾಗಿ ಬಿಡಬೇಕು. ಫಲವಿಲ್ಲ ಎಂದು ಗೊತ್ತಿದ್ದೂ ಪಕ್ಕೆಲುಬು ಮುರಿಯುವುದು ರೋಗಿಗೂ ಅವಮಾನ, ಮಾಡುವ ಸಿಬ್ಬಂದಿಗೂ ಹಿಂಸೆ.

ಸಾವಿನ ನಂತರ

"ತೀರಿಕೊಂಡರು" ಎಂದೇ ಹೇಳಿ. ಮನೆಯವರು ದೂರದಲ್ಲಿದ್ದರೆ ಫೋನಿನಲ್ಲಿ ಮೊದಲು ಜತೆಗೆ ಯಾರಿದ್ದಾರೆ, ಗಾಡಿ ಓಡಿಸುತ್ತಿದ್ದಾರಾ ಎಂದು ಕೇಳಿ. ನಳಿಕೆಗಳನ್ನು ತೆಗೆದು, ಪ್ಲಾಸ್ಟರಿನ ಗುರುತು ಒರೆಸಿ, ತಲೆ ಬಾಚಿ, ಆಮೇಲೆ ಒಳಗೆ ಕರೆಯಿರಿ. ಪೊಲೀಸ್ ಕೇಸಾಗಿದ್ದರೆ ನಳಿಕೆ ಮುಟ್ಟುವ ಮೊದಲು ಆಸ್ಪತ್ರೆಯ ನಿಯಮ ನೋಡಿಕೊಳ್ಳಿ. ನೇತ್ರದಾನದ ಅವಧಿ ಸಾವಿನಿಂದ ಆರು ಗಂಟೆ. ಒಪ್ಪುವವರಿದ್ದರೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆ ಸ್ವಲ್ಪ ಎತ್ತರಿಸಿ, ಫ್ಯಾನ್ ಆರಿಸಿ. ಬಿಲ್ ಬಾಕಿ ಇದೆಯೆಂದು ದೇಹ ತಡೆಹಿಡಿಯುವಂತಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ಸಾವಿನ ನಂತರ ಕೂರುವ ಈ ಮೂರನೆಯ ಮಾತುಕತೆಗೆ ಹತ್ತು ನಿಮಿಷ ಸಾಕು, ಆದರೆ ಎದುರಾಎದುರು ಆಗಬೇಕು. ಫ್ರಾನ್ಸಿನಲ್ಲಿ ಸಂತಾಪ ಪತ್ರ ಕಳಿಸಿ ನೋಡಿದ ಪ್ರಯೋಗ, 2017ರಲ್ಲಿ ಪ್ರಕಟವಾದದ್ದು, ಶೋಕವನ್ನು ಇಳಿಸಲಿಲ್ಲ. ಪತ್ರ ಪಡೆದವರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚೇ ಇತ್ತು. ಪತ್ರಕ್ಕೆ ತಿರುಗಿ ಪ್ರಶ್ನೆ ಕೇಳಲಾಗುವುದಿಲ್ಲ. ಮನೆಯವರ ಪ್ರಶ್ನೆಗಳು ಬಹುಪಾಲು ಇವೇ: "ನೋವಾಯ್ತಾ?", "ಇನ್ನೂ ಮುಂಚೆ ಕರ್ಕೊಂಡು ಬಂದಿದ್ರೆ?", "ನಾವು ಒಪ್ಪಿದ್ದು ತಪ್ಪಾಯ್ತಾ?" ಮೂರಕ್ಕೂ ನಿಜವಾದ ಉತ್ತರ ಕೊಡಿ. ತಡವಾಗಿದ್ದರೂ "ಆಗ ನಿಮಗೆ ಗೊತ್ತಿದ್ದಷ್ಟರಲ್ಲಿ ಮಾಡಿದ್ದೀರಿ" ಎಂಬುದು ಸುಳ್ಳಲ್ಲ.

ಕಾಗದಪತ್ರ ಕೊಡುವಾಗ ಐಸಿಯುನ ಫೋನ್ ನಂಬರನ್ನೂ ಬರೆದುಕೊಡಿ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆಯೇ ಪ್ರಶ್ನೆಗಳು ಏಳುವುದು. ಆರು ತಿಂಗಳಾದರೂ ಊಟ, ನಿದ್ದೆ, ಕೆಲಸ ಹಳಿಗೆ ಬರದಿದ್ದರೆ, ಅಥವಾ ಬದುಕೇ ಬೇಡ ಎಂಬ ಮಾತು ಯಾವಾಗ ಬಂದರೂ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಉಚಿತ, ಇಡೀ ದಿನ, ಕನ್ನಡದಲ್ಲೇ ಮಾತಾಡಬಹುದು.